ಇಡ್ಲಾ ಮೇಡಂ?

ಒಬ್ಬರೇ ಇರುವವರಿಗೆ ಈ ಊರಿನಲ್ಲಿ ಸರಿಯಾದ ಅಳತೆಯ ಪಾತ್ರೆ ಸಿಗುವುದಿಲ್ಲ. ಮನೆ ಸಿಗುತ್ತದೆ, ಓನರಮ್ಮನ ನೂರೆಂಟು ಪ್ರಶ್ನೆಗಳಿಗೆ ಉತ್ತರ ಕೊಟ್ಟಮೇಲೆ. ಕಾಲು ಕೆಜಿ ಹುರುಳಿಕಾಯಿಯನ್ನೂ ತಳ್ಳುಗಾಡಿಯವನು ಮುಖ ಸಿಂಡರಿಸಿಕೊಂಡು ತೂಗಿಕೊಡುತ್ತಾನೆ. ಕುಕ್ಕರು ಮಾತ್ರ ಸಂಸಾರಸ್ಥರಿಗೆಂದೇ ಹುಟ್ಟಿದ್ದು. ಸರ್ವಮಂಗಳಾ ಐವತ್ತು ದಾಟಿದ ಮೇಲೆ ಒಂದು ಸಂಜೆ ಬನಶಂಕರಿಯ ಪಾತ್ರೆ ಅಂಗಡಿಯೊಂದರಲ್ಲಿ ನಿಂತು, "ಇದಕ್ಕಿಂತ ಚಿಕ್ಕದು ಇಲ್ವಾ?" ಎಂದು ಮತ್ತೆ ಮತ್ತೆ ಕೇಳಿದಾಗ, ಅಂಗಡಿಯವನು ಒಂದೂವರೆ ಲೀಟರಿನ ಕುಕ್ಕರನ್ನು ಕೈಯಲ್ಲಿ ಹಿಡಿದುಕೊಂಡೇ, "ಇದಕ್ಕಿಂತ ಚಿಕ್ಕದು ಅಂದ್ರೆ ಮಕ್ಕಳ ಆಟದ ಸಾಮಾನು ಮೇಡಂ," ಎಂದ. ಆಮೇಲೆ ತನ್ನ ಮಾತು ತನಗೇ ಒರಟಾಗಿ ಕೇಳಿಸಿತೋ ಏನೋ, "ನಮ್ಮನೇಲೂ ಇದೇ ಇರೋದು. ಒಬ್ರಿಗೆ ಸರಿಹೋಗುತ್ತೆ," ಎಂದು ಸೇರಿಸಿದ.

ಅವನು ಚನ್ನವೀರ. ತಿಪಟೂರು ಕಡೆಯವನು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಅಡುಗೆ, ಪೂಜೆ, ನಿದ್ದೆ ಎಲ್ಲ ನಡೆಯುತ್ತಿತ್ತು. ಸರ್ವಮಂಗಳಾ ಜಯನಗರದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಟೀಚರು. ಅವಳಿಗೆ ಮದುವೆ ಯಾಕಾಗಲಿಲ್ಲ ಎನ್ನುವುದಕ್ಕೆ ದೊಡ್ಡ ಕತೆಯೇನಿಲ್ಲ. ಮನೆಯವರು ಒಪ್ಪಿದ ಗಂಡನ್ನು ಅವಳು ಒಪ್ಪಲಿಲ್ಲ, ಅವಳು ಒಪ್ಪಿದ ಗಂಡನ್ನು ಮನೆಯವರು ಒಪ್ಪಲಿಲ್ಲ, ಆಮೇಲೆ ಕೇಳುವವರೇ ಬರಲಿಲ್ಲ. ಇನ್ನು ಅವಳ ಸ್ವಭಾವ ಹೇಳಬೇಕೆಂದರೆ, ತಿದ್ದುವುದು. ದರ್ಶಿನಿಯ ಬೋರ್ಡಿನಲ್ಲಿ ಸ್ಪೆಲ್ಲಿಂಗ್ ತಪ್ಪಿದ್ದರೆ ಕಾಫಿ ಗಂಟಲಿಗಿಳಿಯುತ್ತಿರಲಿಲ್ಲ. ತಿದ್ದುವವರ ಜೊತೆ ಜನ ಗೌರವದಿಂದ ಮಾತಾಡುತ್ತಾರೆ, ಆದರೆ ಹೆಚ್ಚು ಹೊತ್ತು ಮಾತಾಡುವುದಿಲ್ಲ. ಇದು ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಡಲಾಗುತ್ತಿರಲಿಲ್ಲ.

ತಂದ ಕುಕ್ಕರು ಮೊದಲ ದಿನ ಕೂಗಲೇ ಇಲ್ಲ. ಬಿಲ್ಲಿನ ಮೇಲಿದ್ದ ನಂಬರಿಗೆ ಫೋನ್ ಮಾಡಿ ತರಾಟೆಗೆ ತೆಗೆದುಕೊಂಡಳು. ಚನ್ನವೀರ ಎಲ್ಲವನ್ನೂ ಕೇಳಿಸಿಕೊಂಡು, ಗ್ಯಾಸ್ಕೆಟ್ಟನ್ನು ತಣ್ಣೀರಿನಲ್ಲಿ ನೆನೆಸಿ ಹಾಕಿ ಎಂದ. ಮಾರನೆಯ ಸಂಜೆ ಅಂಗಡಿಯ ಬಾಗಿಲು ಎಳೆಯುವ ಹೊತ್ತಿಗೆ ಅವನೇ ಫೋನ್ ಮಾಡಿದ.

"ಕೂಗ್ತಾ ಮೇಡಂ?"

"ಕೂಗ್ತು."

"ಎಷ್ಟು?"

"ಮೂರು."

"ಸದ್ಯ," ಎಂದ ಅವನು, ತನ್ನ ಮನೆಯಲ್ಲೇ ಅನ್ನವಾದಷ್ಟು ಸಮಾಧಾನದಿಂದ. "ಇಡ್ಲಾ ಮೇಡಂ?"

"ಇಡಿ."

ಅದರ ಮಾರನೆಯ ಸಂಜೆಯೂ ಕರೆ ಬಂತು. ಬೇಳೆ ಬೇಯುತ್ತಾ ಎಂದು ಕೇಳಲು. ಮತ್ತೊಂದು ಸಂಜೆ ಸೌತೆಕಾಯಿ ಹುಳಿಯ ವಿಚಾರ. ಹೀಗೆ ಕುಕ್ಕರಿನ ಯೋಗಕ್ಷೇಮದಿಂದ ಶುರುವಾದದ್ದು ದಿನಾ ಸಂಜೆಯ ಮಾತಾಯಿತು. ಮಾತಾದರೂ ಎಂಥದ್ದು? ಅಂಗಡಿಗೆ ಯಾರು ಬಂದಿದ್ದರು, ಯಾರು ಚೌಕಾಸಿ ಮಾಡಿ ಬರಿಗೈಯಲ್ಲಿ ಹೋದರು, ಶಾಲೆಯಲ್ಲಿ ಯಾವ ಹುಡುಗಿ ಏನೆಂದಳು. ಕೇಳಿದರೆ ನಗು ಬರಬೇಕು. ಆದರೆ ಇಡೀ ದಿನ ಮೂವತ್ತು ಮಕ್ಕಳ ಗಲಾಟೆಯಲ್ಲಿದ್ದು ಸಂಜೆ ಮಹಡಿ ಹತ್ತಿ ಬಂದು ಬೀಗ ತೆಗೆದಾಗ, ಬೆಳಗ್ಗೆ ಇಟ್ಟುಹೋದ ಲೋಟ ಇಟ್ಟಲ್ಲೇ ಇರುವುದನ್ನು ಕಂಡವರಿಗೆ ಗೊತ್ತು, "ಇವತ್ತೇನು ಅಡುಗೆ?" ಎಂದು ಒಬ್ಬರು ಕೇಳುವುದರ ಬೆಲೆ. ಕೊನೆಯಲ್ಲಿ ಅವನು ತಪ್ಪದೆ "ಇಡ್ಲಾ ಮೇಡಂ?" ಎಂದು ಕೇಳುತ್ತಿದ್ದ. ತಾನಾಗಿ ಎಂದೂ ಇಟ್ಟವನಲ್ಲ. ಅವಳು "ಇಡಿ" ಎಂದ ಮೇಲೆಯೇ ಇಡುತ್ತಿದ್ದ.

ಒಂದು ಸಂಜೆ ಅವನು ಹೊಸ ಸಮಸ್ಯೆ ತಂದ.

"ಮೇಡಂ, ಇವತ್ತು ಜೆಪಿ ನಗರದ ಅಪಾರ್ಟ್‌ಮೆಂಟಿಂದ ಒಂದು ಹುಡ್ಗಿ ಬಂದಿದ್ಲು. ಕನ್ನಡ ಬರಲ್ಲ. 'ಡು ಯು ಕೀಪ್ ಇಡ್ಲಿ ಸ್ಟ್ಯಾಂಡ್?' ಅಂದ್ಲು. ಎಲ್ಲಿ ಇಡ್ಬೇಕಮ್ಮ ಅಂತ ಕೇಳ್ಬಿಟ್ಟೆ."

ಸರ್ವಮಂಗಳಾ ನಕ್ಕಳು. ಆ ಮನೆಯಲ್ಲಿ ಅಷ್ಟು ಗಟ್ಟಿಯಾಗಿ ನಕ್ಕು ಬಹಳ ದಿನಗಳಾಗಿದ್ದವು. "ಅಂಗಡೀಲಿ ಇಟ್ಟಿದೀರಾ ಅಂತ ಕೇಳಿದ್ದು ಕಣ್ರೀ ಅವಳು."

"ಹಂಗಾದ್ರೆ ಕೀಪ್ ಅಂದ್ರೆ ಇಡೋದು ತಾನೆ?"

"ಅಲ್ಲ. ಅಲ್ಲೇ ನಮ್ಮೋರೆಲ್ಲ ಎಡವೋದು. ಚೀಲ ಟೇಬಲ್ ಮೇಲೆ ಇಡು ಅನ್ನೋಕೆ ಕೀಪ್ ಅನ್ಬಾರ್ದು, ಪುಟ್ ಅನ್ಬೇಕು. ಫೋನ್ ಇಡ್ತೀನಿ ಅನ್ನೋಕೂ ಕೀಪ್ ಬರಲ್ಲ. ನಮ್ಮ ಹುಡ್ಗೀರು ದಿನಾ 'ಐ ವಿಲ್ ಕೀಪ್ ದ ಫೋನ್' ಅಂತಾರೆ. ಹಂಗಂದ್ರೆ ನಿಮ್ಮ ಫೋನು ವಾಪಸ್ ಕೊಡಲ್ಲ, ನಾನೇ ಹೊಡ್ಕೊತೀನಿ ಅಂತ ಆಗುತ್ತೆ."

"ಮತ್ತೆ ಕೀಪ್ ಅಂದ್ರೆ?"

ಅವಳು ತರಗತಿಯ ದನಿ ತೆಗೆದಳು. "ನೋಡಿ, ಉಳಿಸೋದಕ್ಕೆ ಇಂಗ್ಲಿಷಲ್ಲಿ ಬೇಕಾದಷ್ಟು ಪದ ಇದೆ. ಪ್ರಿಸರ್ವ್ ಅಂದ್ರೆ ಉಪ್ಪಿನಕಾಯಿ ಹಾಕಿದ ಹಾಗೆ. ಸೇವ್ ಅಂದ್ರೆ ಖರ್ಚಾಗದ ಹಾಗೆ ನೋಡೋದು. ಮೇಂಟೇನ್ ಅಂದ್ರೆ ಆಗಾಗ ರಿಪೇರಿ ಮಾಡಿಸ್ತಾ ಇರೋದು. ಕೀಪ್ ಅಂದ್ರೆ..." ಇಲ್ಲಿ ಅವಳಿಗೂ ಪಠ್ಯಪುಸ್ತಕದ ಮಾತು ಸಾಲದೆ ಬಂತು. "ಯಾರಿಗೂ ಬಿಟ್ಟುಕೊಡದೆ, ಹಾಳಾಗದ ಹಾಗೆ, ಹತ್ರಾನೇ ಇಟ್ಕೊಂಡು ನೋಡ್ಕೊಳ್ಳೋದು."

"ಒಳ್ಳೆ ಪದ ಮೇಡಂ," ಎಂದ ಚನ್ನವೀರ.

ಕಾರ್ತಿಕ ಮುಗಿಯುವ ಹೊತ್ತಿಗೆ ಒಂದು ಶುಕ್ರವಾರ ಅವನು ತಡವರಿಸುತ್ತ ಕೇಳಿದ. "ಭಾನುವಾರ ಬೆಳಗ್ಗೆ ಪುಟ್ಟೇನಹಳ್ಳಿ ಕೆರೆ ಹತ್ರ ಬರ್ತೀರಾ ಮೇಡಂ? ಒಂದು ಮಾತಿತ್ತು. ಫೋನಲ್ಲಿ ಆಡೋದಲ್ಲ."

ಅದು ಯಾವ ಮಾತು ಎಂದು ಗೊತ್ತಾಗದಿರಲು ಅವಳೇನು ಹದಿನಾರರ ಹುಡುಗಿಯಲ್ಲ. ಹದಿನಾರರ ಹುಡುಗಿಯಂತೆ ಶನಿವಾರವೆಲ್ಲ ಎದೆ ಹೊಡೆದುಕೊಂಡದ್ದು ಮಾತ್ರ ನಿಜ. ಕೆಂಪಂಚಿನ ರೇಷ್ಮೆ ಸೀರೆ ಹೊರತೆಗೆದಳು. ಕೆರೆಗೆ ರೇಷ್ಮೆ ಉಡುತ್ತಾರೆಯೇ ಎಂದು ತನ್ನನ್ನೇ ಬೈದುಕೊಂಡು ಮಡಿಸಿಟ್ಟಳು. ಹತ್ತಿಯ ನೀಲಿ ಸೀರೆಗೆ ಇಸ್ತ್ರಿ ಹಾಕಿಸಿಕೊಂಡು ಬರುವಾಗ ಸಂಜೆಯಾಗಿತ್ತು.

ಕೆಳಗಿನ ಮನೆ ಓನರಮ್ಮ ಸೀತಾಲಕ್ಷ್ಮಿಯವರದು. ಅವರು ಕಿಟಕಿಯ ಪಕ್ಕ ಕೂತು ತಂಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದರು. ಕಿವಿ ಸ್ವಲ್ಪ ಮಂದವಾದವರು ಗುಟ್ಟನ್ನೂ ಬೀದಿಗೆಲ್ಲ ಕೇಳುವಂತೆಯೇ ಹೇಳುತ್ತಾರೆ. ಸರ್ವಮಂಗಳಾ ಮೆಟ್ಟಿಲಿನ ಮೇಲೆ ಕಾಲಿಟ್ಟಾಗ ಮಾತು ಕೇಳಿಸಿತು.

"ನಮ್ಮ ಮೇಲಿನ್ಮನೆ ಟೀಚರ್ ಇದಾರಲ್ಲ, ಅವರನ್ನ ಯಾರೋ ಪಾತ್ರೆ ಅಂಗಡಿಯವನು ಇಟ್ಕೊಂಡಿದಾನಂತೆ ಕಣೇ. ಹೂಂ, ಇಟ್ಕೊಂಡಿದಾನಂತೆ!"

ನಾವು ಕನ್ನಡದವರು ಏನನ್ನೆಲ್ಲ ಇಡುವುದಿಲ್ಲ? ಬೆಳಗಾದರೆ ರಂಗೋಲಿ ಇಡುತ್ತೇವೆ, ಹಣೆಗೆ ಕುಂಕುಮ ಇಡುತ್ತೇವೆ, ಮಗುವಿಗೆ ಹೆಸರಿಡುತ್ತೇವೆ, ದೇವರ ಮೇಲೆ ಭಾರವನ್ನೂ ಮನುಷ್ಯರ ಮೇಲೆ ನಂಬಿಕೆಯನ್ನೂ ಇಡುತ್ತೇವೆ. ಅದೇ ಪದವನ್ನು ಒಂದು ಹೆಂಗಸಿನ ಬಗ್ಗೆ ಹೇಳಿ, ಹಿಂದೆ ಮುಂದೆ ಏನೂ ಸೇರಿಸದೆ ಬಿಟ್ಟರೆ ಸಾಕು, ಮೂವತ್ತು ವರ್ಷದ ಮರ್ಯಾದೆ ಮಣ್ಣುಪಾಲು. ಸರ್ವಮಂಗಳಾ ಸದ್ದಾಗದಂತೆ ಮಹಡಿ ಹತ್ತಿದಳು. ಇಸ್ತ್ರಿಯಾದ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಮಂಚದ ಮೇಲೆ ಕೂತಿದ್ದಳು. ಅವಮಾನವಾಗಿತ್ತು, ನಿಜ. ಆದರೂ ನಾಳೆ ಅವನ ಬಾಯಿಂದ ಮದುವೆಯ ಮಾತು ಬಂದರೆ ಸೀತಾಲಕ್ಷ್ಮಿಯವರ ಬಾಯಿ ತಾನಾಗಿ ಮುಚ್ಚುತ್ತದೆ ಎಂದು ಮನಸ್ಸಿಗೆ ಹೇಳಿಕೊಂಡಳು. ಹಾಗೆ ಹೇಳಿಕೊಂಡೇ ಬೆಳಗ್ಗೆ ಹೊರಟಳು.

ಚನ್ನವೀರ ಆಗಲೇ ಬಂದು ಕೆರೆಯ ದಡದ ಕಲ್ಲುಬೆಂಚಿನ ಮೇಲೆ ಕೂತಿದ್ದ. ಬಿಳಿ ಅಂಗಿ, ಹಣೆಯಲ್ಲಿ ವಿಭೂತಿ, ಪಕ್ಕದಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ. ಅವಳನ್ನು ಕಂಡು ಎದ್ದು ನಿಂತ. ವಾಕಿಂಗಿನವರು ಒಂದು ಸುತ್ತು ಹಾದುಹೋದರು. ಅವನು ಬಾಯಿ ತೆರೆದ, ಮುಚ್ಚಿದ, ಮತ್ತೆ ತೆರೆದ. ಕನ್ನಡದಲ್ಲಿ ಹೇಳಲು ನಾಚಿಕೆಯಾಗುವ ಮಾತುಗಳನ್ನೆಲ್ಲ ನಾವು ಇಂಗ್ಲಿಷಿನ ತಲೆಗೆ ಕಟ್ಟುತ್ತೇವೆ. ಪ್ರೀತಿಗೂ ಅದೇ, ಕ್ಷಮೆಗೂ ಅದೇ. ಅವನೂ ಅದನ್ನೇ ಮಾಡಿದ.

"ಮೇಡಂ," ಎಂದ. ಬಾಯಿಪಾಠ ಮಾಡಿಕೊಂಡು ಬಂದ ಹುಡುಗನಂತೆ ನೆಟ್ಟಗೆ ನಿಂತು ಒಂದೊಂದೇ ಪದ ಹೇಳಿದ. "ಐ... ವಾಂಟ್... ಟು ಕೀಪ್ ಯು."

ಸರ್ವಮಂಗಳಾಳ ಕಿವಿಗೆ ಬಿದ್ದದ್ದು ಇಂಗ್ಲಿಷಲ್ಲ. ಹಿಂದಿನ ಸಂಜೆ ಕಿಟಕಿಯಿಂದ ಬಂದ ಮಾತು. ಓಣಿಯವರಷ್ಟೇ ಅಲ್ಲ, ಇವನೂ ಹಾಗೇ ಅಂದುಕೊಂಡಿದ್ದಾನೆ. ಮದುವೆ ಅಲ್ಲ, ಇಟ್ಟುಕೊಳ್ಳುವುದು.

"ಇಟ್ಕೊಳ್ಳೋಕೆ ನಾನೇನು ನಿಮ್ಮಂಗಡಿ ಪಾತ್ರೆನಾ?" ಎಂದಳು. ಅಷ್ಟಕ್ಕೇ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. "ಒಬ್ಬಳೇ ಇದಾಳೆ, ಕೇಳೋರಿಲ್ಲ ಅಂದ್ಕೊಂಡ್ರಾ? ನಿಮ್ಮಂಥೋರ ಜೊತೆ ದಿನಾ ಮಾತಾಡಿದ್ದು ನನ್ನ ತಪ್ಪು. ಇನ್ಮೇಲೆ ಫೋನ್ ಮಾಡ್ಬೇಡಿ."

ಚನ್ನವೀರನ ಮುಖದಲ್ಲಿ ಸಿಟ್ಟು ಬರಲಿಲ್ಲ. ಏನೂ ಬರಲಿಲ್ಲ. "ತಪ್ಪಾಯ್ತು ಮೇಡಂ," ಎಂದಷ್ಟೇ ಹೇಳಿ, ಚೀಲದ ಬಾಯನ್ನು ಮುಚ್ಚಿಕೊಂಡ. ಅವಳು ಹಿಂತಿರುಗಿ ನೋಡದೆ ಗೇಟಿನ ಹೊರಗೆ ಆಟೋ ಹತ್ತಿದಳು. ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು ಎಂದು ಎಷ್ಟು ಮಕ್ಕಳಿಂದ ಕಾಪಿ ಬರೆಸಿದ್ದರೇನು, ಆಡುವಾಗ ನೆನಪಿರಬೇಕಲ್ಲ.

ಚನ್ನವೀರ ಮಾತಿಗೆ ತಪ್ಪುವವನಲ್ಲ. ಬೇಡ ಎಂದ ಮೇಲೆ ಫೋನ್ ಮಾಡಲಿಲ್ಲ.

ಮೊದಲ ಕೆಲವು ದಿನ ಸರ್ವಮಂಗಳಾ ಸಿಟ್ಟಿನ ಬಲದಿಂದಲೇ ಬದುಕಿದಳು. ಸಿಟ್ಟು ಇರುವವರೆಗೆ ಒಂಟಿತನ ಬಾಗಿಲ ಹೊರಗೆ ಕಾಯುತ್ತಿರುತ್ತದೆ. ಸಿಟ್ಟು ಇಳಿದ ಸಂಜೆ ಅದು ಒಳಗೆ ಬಂದು ಕೂತಿತು. ಅಂಗಡಿಗಳು ಬಾಗಿಲು ಎಳೆಯುವ ಹೊತ್ತಿಗೆ ಕೈ ತಾನಾಗಿ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ತಂದಿಡುತ್ತಿತ್ತು. ಕುಕ್ಕರು ಮೂರು ಸಲ ಕೂಗಿ ಸುಮ್ಮನಾಗುತ್ತಿತ್ತು. ಎಷ್ಟು ಕೂಗಿತು ಎಂದು ಕೇಳುವವರಿಲ್ಲದ ಮನೆಯಲ್ಲಿ ಅದು ಕೂಗಿದರೇನು, ಬಿಟ್ಟರೇನು? ಒಮ್ಮೊಮ್ಮೆ ಅನ್ನ ಆರುವವರೆಗೆ ಮುಚ್ಚಳ ತೆಗೆಯದೆ ಹಾಗೇ ನಿಂತಿರುತ್ತಿದ್ದಳು. ಊಟ ಮಾಡುವಾಗ ತಾನೇ ತನಗೆ, "ಇವತ್ತು ಬೀಟ್‌ರೂಟ್ ಪಲ್ಯ," ಎಂದು ಗಟ್ಟಿಯಾಗಿ ಹೇಳಿ ಬೆಚ್ಚಿದ್ದೂ ಉಂಟು.

ಸಂಕ್ರಾಂತಿ ಬಂತು. ಅಚ್ಚುಕಟ್ಟಾಗಿ ಬೆಲ್ಲ, ಕೊಬ್ಬರಿ ಹೆಚ್ಚಿ ಎಳ್ಳು ಬೆರೆಸಿದಳು. ಬೀರಲು ಹೋಗುವ ಮನೆಗಳನ್ನು ಲೆಕ್ಕ ಹಾಕಿದರೆ ಕೆಳಗಿನ ಮನೆಯೊಂದೇ. ಸೀತಾಲಕ್ಷ್ಮಿಯವರು ಬಾಯ್ತುಂಬ ಕರೆದು ಕೂರಿಸಿದರು. "ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡೋಣ ಅಲ್ವಾ ಟೀಚರೇ," ಎಂದರು. ಸರ್ವಮಂಗಳಾ ಒಳ್ಳೆಯ ಮಾತನ್ನೇ ಆಡಿ ಮೇಲೆ ಬಂದಳು. ಉಳಿದ ಎಳ್ಳನ್ನು ಡಬ್ಬಿಗೆ ಸುರಿದು ಎತ್ತಿಟ್ಟಳು. ಡಬ್ಬಿಯೂ ಅವನ ಅಂಗಡಿಯದೇ.

ಹಬ್ಬ ಕಳೆದ ವಾರ ಎಂಟನೇ ತರಗತಿಯಲ್ಲಿ ಪದಪ್ರಯೋಗದ ಪಾಠ. ಪುಸ್ತಕದಲ್ಲಿದ್ದ ಪದಗಳ ಪೈಕಿ ಒಂದು ಕೀಪ್. ವಾಕ್ಯ ಮಾಡಿ ಎಂದಳು. ಒಬ್ಬಳು ಎದ್ದು 'ಕೀಪ್ ಕ್ವೈಟ್' ಎಂದಳು. ಇನ್ನೊಬ್ಬಳು ಚೀಲವನ್ನು ಟೇಬಲ್ಲಿನ ಮೇಲೆ ಕೀಪ್ ಮಾಡಿದಳು. ಸರ್ವಮಂಗಳಾ ಎಂದಿನಂತೆ "ಪುಟ್" ಎಂದು ತಿದ್ದಿದಳು. ಆಮೇಲೆ ಎರಡನೇ ಬೆಂಚಿನ ಇಂಚರ ಎದ್ದು, ಜಡೆ ಹಿಂದಕ್ಕೆ ಎಸೆದು, ಹೆಮ್ಮೆಯಿಂದ ಹೇಳಿದಳು.

"ಮೈ ಫಾದರ್ ಈಸ್ ಕೀಪಿಂಗ್ ಮೈ ಮದರ್ ವೆರಿ ನೈಸ್ಲಿ, ಮಿಸ್."

"ರಾಂಗ್," ಎಂದು ನಾಲಿಗೆಯ ತುದಿಗೆ ಬಂದಿತ್ತು. "ಏನು ಹಂಗಂದ್ರೆ?" ಎಂದು ಕೇಳಿದಳು.

"ಅಪ್ಪ ಅಮ್ಮನ್ನ ಚೆನ್ನಾಗಿ ಇಟ್ಕೊಂಡಿದಾರೆ ಅಂತ ಮಿಸ್. ನಮ್ಮಜ್ಜಿ ಬಂದಾಗೆಲ್ಲ ಹೇಳ್ತಿರ್ತಾರೆ, ನನ್ನ ಅಳಿಯ ಚಿನ್ನ, ಮಗಳನ್ನ ಚೆನ್ನಾಗಿ ಇಟ್ಕೊಂಡಿದಾನೆ ಅಂತ."

ಯಾರೂ ನಗಲಿಲ್ಲ. ನಗುವಂಥದ್ದೇನೂ ಅದರಲ್ಲಿರಲಿಲ್ಲ. ಪ್ರತಿ ಮನೆಯಲ್ಲೂ ಆಡುವ ಮಾತು. ಸರ್ವಮಂಗಳಾಳ ಅಮ್ಮನೂ ಆಡುತ್ತಿದ್ದಳು. ಗಂಡು ನೋಡಲು ಬಂದುಹೋದ ಪ್ರತಿ ಸಲವೂ, "ಹಣ ಇಲ್ದಿದ್ರೆ ಇಲ್ದೆ ಹೋಗ್ಲಿ, ನನ್ನ ಮಗಳನ್ನ ಚೆನ್ನಾಗಿ ಇಟ್ಕೊಂಡ್ರೆ ಸಾಕು," ಎನ್ನುತ್ತಿದ್ದಳು. ಅಮ್ಮ ಹೋದಮೇಲೆ ಆ ಮಾತನ್ನು ತನ್ನ ವಿಷಯದಲ್ಲಿ ಯಾರೂ ಆಡಿರಲಿಲ್ಲ. ಅದಕ್ಕೇ ಮರೆತುಹೋಗಿತ್ತು.

ಅವಳು ಸೀಮೆಸುಣ್ಣ ಹಿಡಿದು ಬೋರ್ಡಿನ ಕಡೆ ತಿರುಗಿ ನಿಂತಳು. ಅವನು ಹೇಳಬೇಕೆಂದಿದ್ದದ್ದು ಅಷ್ಟೇ. ನಿಮ್ಮನ್ನ ಚೆನ್ನಾಗಿ ಇಟ್ಕೊತೀನಿ. ಅದಕ್ಕೆ ಬೇಕಾದ ಇಂಗ್ಲಿಷು ಅವನಿಗೆ ಕಲಿಸಿದ್ದವಳು ಯಾರು? ಬಿಟ್ಟುಕೊಡದೆ, ಹಾಳಾಗದ ಹಾಗೆ, ಹತ್ತಿರವೇ ಇಟ್ಟುಕೊಂಡು. ಪದ ಕೊಟ್ಟವಳೇ ಅದರ ಬಾಲಕ್ಕೆ 'ಚೆನ್ನಾಗಿ'ಯನ್ನು ಕಟ್ಟಿಕೊಡಲು ಮರೆತಿದ್ದಳು. ಹೆಸರಿನಲ್ಲೇ ಚನ್ನ ಇರುವ ಮನುಷ್ಯನಿಗೆ ಅದನ್ನು ಬೇರೆಯಾಗಿ ಹೇಳಬೇಕೆಂದು ಹೊಳೆಯಲೂ ಇಲ್ಲ ಪಾಪ.

"ಮಿಸ್, ರಾಂಗಾ?" ಎಂದಳು ಇಂಚರ.

"ಇಲ್ಲಮ್ಮ. ಕೂತ್ಕೋ," ಎಂದಳು ಸರ್ವಮಂಗಳಾ, ತಿರುಗದೆಯೇ. ಕಣ್ಣು ತುಂಬಿತ್ತು.

ಸಂಜೆ ಅಕ್ಕಿ ತೊಳೆದು ಕುಕ್ಕರ್ ಒಲೆಗಿಟ್ಟಳು. ಫೋನ್ ತೆಗೆದಳು. ಅವನ ಹೆಸರು ಅದರಲ್ಲಿ ಈಗಲೂ 'ಕುಕ್ಕರ್ ಅಂಗಡಿ' ಎಂದೇ ಇತ್ತು. ಮೊದಲ ದಿನದ ಜಗಳ ಬಿಟ್ಟರೆ ತಾನಾಗಿ ಎಂದೂ ಫೋನ್ ಮಾಡಿದವಳಲ್ಲ. ಎತ್ತದೇ ಹೋದರೆ? ಎತ್ತಿ ಯಾರು ಎಂದು ಕೇಳಿದರೆ? ಇಷ್ಟು ದಿನ ಸುಮ್ಮನಿದ್ದವನು ಮನಸ್ಸನ್ನೂ ಸುಮ್ಮನಾಗಿಸಿಕೊಂಡಿದ್ದರೆ, ಮುಂದೆ ಈ ಮನೆಯ ಸಂಜೆಗಳೆಲ್ಲ ಹೀಗೇ. ಒತ್ತಿದಳು.

"ಹೇಳಿ ಮೇಡಂ." ಅದೇ ದನಿ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಹಾರಿಹೋದವು. "ಕುಕ್ಕರ್... ಕೂಗ್ತಾ ಇಲ್ಲ," ಎಂದಳು.

ಹಾಳು ಕುಕ್ಕರು ಆ ಗಳಿಗೆಗೇ ಕಾದಿದ್ದಂತೆ ಹಿಂದಿನಿಂದ ಕಿವಿ ಕಿತ್ತುಹೋಗುವಂತೆ ಕೂಗಿತು.

"ಕೂಗ್ತಾ ಇದೆಯಲ್ಲ ಮೇಡಂ," ಎಂದ ಚನ್ನವೀರ. ನಗಲಿಲ್ಲ.

ಅವಳು ಒಲೆ ಆರಿಸಿದಳು. ಅಡುಗೆಮನೆ ನಿಶ್ಶಬ್ದವಾಯಿತು. "ಅವತ್ತು ಬೆಂಚ್ ಮೇಲೆ ಒಂದು ಚೀಲ ಇತ್ತು. ಏನಿತ್ತು ಅದರಲ್ಲಿ?"

"ಬಿಡಿ ಮೇಡಂ, ಈಗ್ಯಾಕೆ."

"ಹೇಳಿ."

"ಕುಕ್ಕರು. ಮೂರು ಲೀಟರ್ದು." ಸ್ವಲ್ಪ ತಡೆದು, "ಇಬ್ರಿಗೆ ಅದೇ ಅಳತೆ," ಎಂದ.

"ಮಾರಿಬಿಟ್ರಾ?"

"ಹೆಂಗ್ ಮಾರ್ಲಿ? ಹೆಸರು ಹಾಕಿಸ್ಬಿಟ್ಟಿದ್ದೆ, ಇಬ್ಬರದ್ದೂ. ಅಂಗಡೀಲಿ ಇಡೋ ಹಾಗಿಲ್ಲ. ಮೇಲೆ ರೂಮಲ್ಲಿ ಇಟ್ಕೊಂಡಿದೀನಿ. ಅವತ್ತು ಏನು ತಪ್ಪು ಮಾತಾಡ್ದೆ ಅಂತ ನನಗೆ ಇವತ್ತಿಗೂ ಗೊತ್ತಾಗ್ಲಿಲ್ಲ ಮೇಡಂ. ಮದುವೆ ಅನ್ನೋಕೆ ನಾಚಿಕೆ ಆಯ್ತು, ಈ ವಯಸ್ಸಲ್ಲಿ. ನೀವೇ ಹೇಳ್ಕೊಟ್ಟಿದ್ದ ಪದ ಅಲ್ವಾ, ಅದಕ್ಕಿಂತ ಒಳ್ಳೇದು ನನಗೆ ಸಿಗಲಿಲ್ಲ."

"ನಿಮ್ಮದೇನೂ ತಪ್ಪಿರಲಿಲ್ಲ," ಎಂದಳು ಸರ್ವಮಂಗಳಾ. "ನಾನೇ ತಪ್ಪು ತಿಳ್ಕೊಂಡೆ. ಬಾಯಿಗೆ ಬಂದ ಹಾಗೆ ಅಂದ್ಬಿಟ್ಟೆ. ಕ್ಷಮಿಸಿ."

"ಅಯ್ಯೋ, ದೊಡ್ಡ ಮಾತು." ಅವನ ಕಡೆಯಿಂದ ಯಾರೋ ಶಟರ್ ಎಳೆದ ಸದ್ದು ಬಂತು. ಇನ್ನು ಅವನಿಗೆ ಗೊತ್ತಿದ್ದದ್ದು ಒಂದೇ ಮಾತು, ಅದನ್ನೇ ಆಡಿದ.

"ಇಡ್ಲಾ ಮೇಡಂ?"

ಅವಳು ಈವರೆಗೆ ಅದಕ್ಕೆ ಕೊಟ್ಟ ಉತ್ತರವೂ ಒಂದೇ. ಅದು ಬಾಯಿಯವರೆಗೆ ಬಂದದ್ದನ್ನು ನುಂಗಿದಳು.

"ಇಡಬೇಡಿ," ಎಂದಳು. "ಇಟ್ಕೊಳ್ಳಿ."

"ಏನು ಮೇಡಂ, ಫೋನಾ? ಕುಕ್ಕರಾ?"

"ನನ್ನನ್ನ."

ಅವಳು ಕಟ್ಟೆಗೆ ಒರಗಿ ನಿಂತಳು. ಒಂದು ಪದ ಬಿಟ್ಟುಹೋಗಿತ್ತು. ಬಿಟ್ಟುಹೋದದ್ದನ್ನು ಹಾಗೇ ಬಿಡುವುದು ಅವಳ ಜಾಯಮಾನದಲ್ಲೇ ಇರಲಿಲ್ಲ. ತಿದ್ದಿದಳು.

"ಚೆನ್ನಾಗಿ."